ಬೆಟ್ಟದ ಬುಡದಲ್ಲಿ ಒಂದು ರಾತ್ರಿ

ಗೆಳೆಯರೆಲ್ಲ ಸೇರಿ ಹಿಮದ ಬೆಟ್ಟಕ್ಕೆ ಹೋಗಿ ಸ್ಕೀಯಿಂಗ್ ಮಾಡಿ ಬರುವುದು ಈಗ ನಮ್ಮ ಕಡೆಯವರಿಗೆ ಬರೀ ಸಿನಿಮಾದಲ್ಲಿ ನೋಡುವ ಸಂಗತಿಯಲ್ಲ. ಚಳಿಗಾಲ ಬಂತೆಂದರೆ ಬೆಂಗಳೂರಿನ ಕಚೇರಿ, ಕಾಲೇಜುಗಳಲ್ಲಿ ಗುಲ್ಮಾರ್ಗ್, ಔಲಿ, ಮನಾಲಿ ಪಕ್ಕದ ಸೋಲಂಗ್ ಕಣಿವೆಯ ಲೆಕ್ಕಾಚಾರ ಶುರುವಾಗುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮೇಲೆ ಕನ್ನಡಿಗರಿಗೂ ಹಿಮಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಅವರ ಸ್ಪರ್ಧೆ ಕ್ರಾಸ್ ಕಂಟ್ರಿ ಸ್ಕೀಯಿಂಗ್. ಅದರಲ್ಲಿ ಇಳಿಜಾರಿನಲ್ಲಿ ಜಾರುವುದಷ್ಟೇ ಅಲ್ಲ, ಬಯಲನ್ನೂ ಏರನ್ನೂ ತನ್ನ ಕಾಲಬಲದಿಂದಲೇ ದಾಟಬೇಕು. ಲಿಫ್ಟಿನ ಸಹಾಯವಿಲ್ಲ. ಸ್ಕೀಯಿಂಗ್ ಪ್ರಪಂಚದಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ವಾದದ ತಿರುಳೂ ಇದೇ: ಬೆಟ್ಟದ ಮೇಲಕ್ಕೆ ಜನರನ್ನು ಎಷ್ಟು ಸುಲಭವಾಗಿ, ಎಷ್ಟು ದೊಡ್ಡ ಸಂಖ್ಯೆಯಲ್ಲಿ ಒಯ್ಯಬೇಕು? ಒಯ್ದಷ್ಟೂ ಊರಿಗೆ ಒಳ್ಳೆಯದೇ? ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳು, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ, ಈಗ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ. ಇಲ್ಲಿ ಹಿಮವಿಲ್ಲ, ಮಳೆಯೇ ಅಪರೂಪ. ಆದರೆ ರಜೆಯ ದಿನ ಗೆಳೆಯರು ಗುಂಪಾಗಿ ಬಂದು ಹತ್ತುವ ಬೆಟ್ಟಗಳಿವೆ. ಆ ಬೆಟ್ಟಗಳನ್ನು ಏನು ಮಾಡಬೇಕೆಂಬ ಚರ್ಚೆಯೂ ಇದೆ.

ಮೊದಲು ಹೊರಗಿನ ಉದಾಹರಣೆ ನೋಡೋಣ. ಅಮೆರಿಕದ ಐಡಹೊ ರಾಜ್ಯದ ಸನ್ ವ್ಯಾಲಿಯಲ್ಲಿ 1936ರಲ್ಲಿ ಜಗತ್ತಿನ ಮೊದಲ ಚೇರ್ ಲಿಫ್ಟ್ ಬಂತು. ಅಲ್ಲಿಯವರೆಗೆ ಬಹುಮಟ್ಟಿಗೆ ಬೆಟ್ಟ ಹತ್ತುವ ಶ್ರಮವೇ ಜನಸಂಖ್ಯೆಗೆ ಕಡಿವಾಣವಾಗಿತ್ತು. ಲಿಫ್ಟ್ ಬಂದ ಮೇಲೆ ಆ ಕಡಿವಾಣ ಹೋಯಿತು. ಎಷ್ಟು ಜನ ಬರಬೇಕೆಂಬುದನ್ನು ಬೆಟ್ಟದ ಬದಲು ಯಂತ್ರ ನಿರ್ಧರಿಸತೊಡಗಿತು. ಯಂತ್ರಕ್ಕೆ ಹಾಕಿದ ಬಂಡವಾಳ ವಾಪಸು ಬರಬೇಕಾದರೆ ಇನ್ನಷ್ಟು ಜನ ಬರಬೇಕು, ಅವರಿಗಾಗಿ ಇನ್ನಷ್ಟು ಹೋಟೆಲು, ಇನ್ನಷ್ಟು ಪಾರ್ಕಿಂಗ್ ಬೇಕು. ಮುಂದೆ ಒಂದೊಂದು ಕಂಪನಿ ಹತ್ತಾರು ಬೆಟ್ಟಗಳನ್ನು ಕೈಗೆ ತೆಗೆದುಕೊಂಡು, ಎಲ್ಲಕ್ಕೂ ಸೇರಿಸಿ ಒಂದೇ ವಾರ್ಷಿಕ ಪಾಸ್ ಮಾರುವ ಕಾಲ ಬಂತು. ಇದೆಲ್ಲದರ ನಡುವೆ ವರ್ಮಾಂಟ್ ರಾಜ್ಯದ ಮ್ಯಾಡ್ ರಿವರ್ ಗ್ಲೆನ್ ಎಂಬ ಸಣ್ಣ ಬೆಟ್ಟ ಬೇರೆ ದಾರಿ ಹಿಡಿಯಿತು. 1995ರಲ್ಲಿ ಅಲ್ಲಿ ಸ್ಕೀಯಿಂಗ್ ಮಾಡುವವರೇ ಸಹಕಾರ ಸಂಘ ಕಟ್ಟಿಕೊಂಡು ಬೆಟ್ಟವನ್ನು ಕೊಂಡರು. 1948ರಷ್ಟು ಹಳೆಯ, ಒಮ್ಮೆಗೆ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳುವ ಲಿಫ್ಟ್ ಅಲ್ಲಿತ್ತು. ಅದನ್ನು ಬದಲಿಸುವ ಕಾಲ ಬಂದಾಗ ಇಬ್ಬರು ಕೂರುವ ಲಿಫ್ಟ್ ಹಾಕುವ ಅವಕಾಶವಿದ್ದರೂ, ಹಳೆಯದನ್ನೇ 2007ರಲ್ಲಿ ದುರಸ್ತಿ ಮಾಡಿಸಿಕೊಂಡರು. ಬೆಟ್ಟದ ಮೇಲೆ ನೂಕುನುಗ್ಗಲು ಬೇಡ ಎಂಬುದು ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಇದು ಹಿಂದುಳಿದವರ ಹಟವಲ್ಲ. ತಮ್ಮ ಬೆಟ್ಟ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂದು ಯೋಚಿಸಿ ತೆಗೆದುಕೊಂಡ ತೀರ್ಮಾನ. ಚಿಕ್ಕ ಬೆಟ್ಟವನ್ನು ಗೆಳೆಯರ ಗುಂಪುಗಳು ಇಷ್ಟಪಡಲು ಇನ್ನೂ ಒಂದು ಕಾರಣವಿದೆ. ದೊಡ್ಡ ತಾಣದಲ್ಲಿ ಕಲಿಯುವವರು ಒಂದು ಇಳಿಜಾರಿಗೆ, ಪಳಗಿದವರು ಮತ್ತೊಂದಕ್ಕೆ ಹೋಗಿ ದಿನವಿಡೀ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಚಿಕ್ಕ ಬೆಟ್ಟದಲ್ಲಿ ಎಲ್ಲ ದಾರಿಗಳೂ ಒಂದೇ ಬುಡಕ್ಕೆ ಬಂದು ಸೇರುತ್ತವೆ.

ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಈ ಕೊನೆಯ ಮಾತು ಅಕ್ಷರಶಃ ನಿಜ. ಹತ್ತುವ ದಾರಿ ಒಂದೇ, ಇಳಿಯುವ ದಾರಿಯೂ ಅದೇ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟ ಊರಿನ ಮನೆಗಳ ಹಿಂಬದಿಯಿಂದಲೇ ನೆಟ್ಟಗೆ ಎದ್ದು ನಿಂತಿದೆ. ಬುಡದಿಂದ ತುದಿಗೆ ಸುಮಾರು 400 ಮೀಟರ್ ಏರು. ಮೊದಲು ಮೆಟ್ಟಿಲು, ಕೋಟೆಯ ಹೆಬ್ಬಾಗಿಲುಗಳು, ಬುರುಜುಗಳು. ಆಮೇಲೆ ಮೆಟ್ಟಿಲು ಮುಗಿದು ಬರೀ ಬಂಡೆ. ಕಡಿದಾದ ಕಡೆ ಬಂಡೆಯಲ್ಲೇ ಕಾಲಿಡಲು ಕೊರೆದ ಗುಳಿಗಳಿವೆ, ಹಿಡಿದುಕೊಳ್ಳಲು ಕಬ್ಬಿಣದ ಕಂಬಿಗಳಿವೆ. ಸಾಮಾನ್ಯವಾಗಿ ಮೇಲೆ ತಲುಪಲು ಸುಮಾರು ಎರಡು ಗಂಟೆ ಬೇಕು. ಗುಂಪಿನಲ್ಲಿ ವೇಗವಾಗಿ ಹೋಗುವವರು ಮುಂದಿನ ಬಾಗಿಲಲ್ಲಿ ಕೂತು ಹಿಂದಿನವರಿಗಾಗಿ ಕಾಯಲೇಬೇಕು; ನುಣುಪು ಬಂಡೆಯ ಮೇಲೆ ಕಾಲು ನಡುಗುವವರಿಗೆ ಯಾರಾದರೂ ಕೈ ಕೊಡಲೇಬೇಕು. ಗೆಳೆಯರ ಪ್ರವಾಸದಲ್ಲಿ ನೆನಪಿಗೆ ಉಳಿಯುವುದು ತುದಿಯಿಂದ ಕಂಡ ನೋಟಕ್ಕಿಂತ ಹೆಚ್ಚಾಗಿ ಈ ಕಾಯುವುದು, ಕೈ ಕೊಡುವುದೇ ಎಂದು ನನ್ನ ನಂಬಿಕೆ. ಈ ಶ್ರಮವನ್ನು ತೆಗೆದುಹಾಕಿದರೆ ಉಳಿಯುವುದು ಒಂದು ಎತ್ತರದ ಜಾಗ ಮತ್ತು ಕೆಲವು ಫೋಟೊ.

ಬೆಟ್ಟ ಹೀಗೇಕಿದೆ ಎಂಬುದನ್ನು ತಿಳಿದುಕೊಂಡರೆ ಅದನ್ನು ಹೇಗೆ ಬಳಸಬೇಕೆಂಬುದೂ ತಿಳಿಯುತ್ತದೆ. ರಾಮನಗರದಿಂದ ಹೊರಟು ತುಮಕೂರು ಜಿಲ್ಲೆಯನ್ನು ಹಾದು ಬಳ್ಳಾರಿ ಕಡೆಗೆ ಹೋಗುವ ಉದ್ದನೆಯ ಗ್ರಾನೈಟ್ ಪಟ್ಟಿಯೊಂದಿದೆ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಆಳದಲ್ಲಿ, ಭಾರೀ ಒತ್ತಡದಲ್ಲಿ ತಣಿದು ಗಟ್ಟಿಯಾದ ಕಲ್ಲು ಇದು. ಮೇಲಿನ ಮಣ್ಣು, ಬಂಡೆಗಳೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಂತೆ ಒತ್ತಡ ತಗ್ಗಿ, ಕಲ್ಲು ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚಿಕೊಳ್ಳುತ್ತದೆ. ಸೀಳುಗಳು ಹೆಚ್ಚಿರುವ ಕಡೆ ಕಲ್ಲು ಒಡೆದು ಗುಂಡುಗಳ ರಾಶಿಯಾಗುತ್ತದೆ. ಸೀಳು ಕಡಿಮೆಯಿರುವ ಕಡೆ ಮಧುಗಿರಿಯಂಥ ಅಖಂಡ ಗುಮ್ಮಟ ಉಳಿಯುತ್ತದೆ. ಈ ಗುಮ್ಮಟದ ಮೇಲೆ ಮಣ್ಣಿಲ್ಲ, ಆದ್ದರಿಂದ ಮರವಿಲ್ಲ, ನೆರಳಿಲ್ಲ. ತಗ್ಗುಗಳಲ್ಲಿ ಮಳೆನೀರು ನಿಂತು ದೊಣೆಗಳಾಗಿವೆ. ಕೋಟೆಯ ಕಾಲದಲ್ಲಿ ಮೇಲಿದ್ದ ಸೈನ್ಯಕ್ಕೆ ಆ ದೊಣೆಗಳೇ ಆಧಾರ. ಬಿಸಿಲೇರಿದ ಮೇಲೆ ಇಡೀ ಬಂಡೆ ಕಾದು, ಮೇಲಿನಿಂದಲೂ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಮಳೆ ಬಿದ್ದರೆ ಅದೇ ಬಂಡೆ ಪಾಚಿಯಂತೆ ಜಾರುತ್ತದೆ. ಹಾಗಾಗಿ ಮಧುಗಿರಿ ಹತ್ತಲು ಸರಿಯಾದ ಹೊತ್ತು ಒಂದೇ: ನಸುಕು ಹರಿಯುವಾಗ ಶುರುಮಾಡಿ, ಬಿಸಿಲು ಬಲಿಯುವ ಮೊದಲು ಇಳಿದುಬಿಡುವುದು. ನನ್ನ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ನಸುಕಿನಲ್ಲಿ ಹತ್ತಬೇಕಾದವರು ಹಿಂದಿನ ರಾತ್ರಿ ಊರಲ್ಲೇ ಇರಬೇಕು. ಬೆಂಗಳೂರಿನಿಂದ ಮಧುಗಿರಿಗೆ ಸುಮಾರು ನೂರು ಕಿಲೋಮೀಟರ್. ಇಷ್ಟು ಹತ್ತಿರವಿರುವುದೇ ಈ ಊರಿಗೆ ತೊಡಕಾಗಿದೆ. ಗುಂಪುಗಳು ನಡುರಾತ್ರಿ ಬೈಕು, ಕಾರುಗಳಲ್ಲಿ ಹೊರಟು, ನಿದ್ದೆಗಣ್ಣಿನಲ್ಲಿ ಹೆದ್ದಾರಿ ದಾಟಿ, ಬೆಟ್ಟ ಹತ್ತಿ ಇಳಿದು, ಮಧ್ಯಾಹ್ನದ ಊಟಕ್ಕೆ ಮತ್ತೆ ಹೆದ್ದಾರಿ ಬದಿಯ ಹೋಟೆಲಿಗೆ ಓಡುತ್ತವೆ. ಊರಿಗೆ ಉಳಿಯುವುದು ನೀರಿನ ಖಾಲಿ ಬಾಟಲಿ, ಒಂದೆರಡು ಕಾಫಿಯ ಹಣ. ಅದೇ ಗುಂಪು ಹಿಂದಿನ ಸಂಜೆಯೇ ಬಂದು ತಂಗಿದರೆ ರಾತ್ರಿಯ ಮುದ್ದೆ, ಬಸ್ಸಾರು, ಬೆಳಗಿನ ತಿಂಡಿ, ರೂಮಿನ ಬಾಡಿಗೆ, ಆಟೊ, ದಾರಿ ತೋರಿಸುವವರ ಕೂಲಿ ಎಲ್ಲವೂ ಊರಿನವರ ಕೈಗೆ ಬರುತ್ತದೆ. ಈ ಬೆಟ್ಟದ ಬಿಸಿಲು ಮತ್ತು ಕಲ್ಲೇ ಪ್ರವಾಸಿಗರನ್ನು ಒಂದು ರಾತ್ರಿ ಕಟ್ಟಿಹಾಕಬಲ್ಲವು. ಅದಕ್ಕೆ ತಕ್ಕ ವ್ಯವಸ್ಥೆ ಮಾತ್ರ ಇಲ್ಲ. ಮಧುಗಿರಿಗೆ ರೋಪ್‌ವೇ ಬೇಕೆಂದು ವರ್ಷಗಳಿಂದ ಬೇಡಿಕೆಯಿದೆ. ಅದು ಬಂದರೆ ಏನಾಗುತ್ತದೆ? ಹನ್ನೊಂದು ಗಂಟೆಗೆ ಬಂದು, ಕೆಲವೇ ನಿಮಿಷದಲ್ಲಿ ಮೇಲೇರಿ, ಒಂದು ಗಂಟೆ ಸುತ್ತಾಡಿ ಹೊರಟುಬಿಡಬಹುದು. ರಾತ್ರಿ ಉಳಿಯಲು ಇದ್ದ ಒಂದೇ ಒಂದು ಕಾರಣವನ್ನೂ ಅದು ಅಳಿಸಿಹಾಕುತ್ತದೆ. ಆ ಬೇಡಿಕೆಯ ಹಿಂದೆ ಊರು ಬೆಳೆಯಲಿ ಎಂಬ ಪ್ರಾಮಾಣಿಕ ಆಸೆಯಿದೆ. ಆ ಆಸೆಯನ್ನು ನಾನೂ ಒಪ್ಪುತ್ತೇನೆ. ಆದರೆ ಆ ಆಸೆ ಈಡೇರುವುದು ಈ ದಾರಿಯಲ್ಲಲ್ಲ.

ಉಳಿಯುವವರಿಗೆ ನೋಡಲು ಬೇರೇನಿದೆ ಎಂದು ಕೇಳುವವರಿದ್ದಾರೆ. ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಹಿಡಿದು ನೋಡದಿರುವುದರಿಂದ ಬರುವ ಪ್ರಶ್ನೆ ಇದು. ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಈ ನಾಲ್ಕರ ಹೆಸರು ಒಂದಾಗಿ ಕೇಳಿಸುತ್ತದೆ. ಪ್ರವಾಸಕ್ಕೂ ಇವು ಒಂದೇ ಸೀಮೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಈ ಜಾಗ 798 ಎಕರೆಯಷ್ಟೇ. ಮೃಗಗಳು ಚೆನ್ನಾಗಿ ಕಾಣಸಿಗುವುದು ಬೆಳಿಗ್ಗೆ ಮತ್ತು ಸಂಜೆ. ಶಿರಾದಿಂದ ಸ್ವಲ್ಪ ದೂರದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ತಂದೆತಾಯಿ ಹಕ್ಕಿಗಳು ಕೆರೆಗಳಿಂದ ಮೀನು ಹಿಡಿದು ತಂದು ಮರಿಗಳಿಗೆ ಉಣಿಸುವುದನ್ನು ನೋಡಲು ತಂಪು ಹೊತ್ತೇ ಬೇಕು. ಶಿರಾದ ಮಲ್ಲಿಕ್ ರಿಹಾನ್ ದರ್ಗಾ 1651ರದು, ಜಾಮಿಯಾ ಮಸೀದಿ 1696ರದು. 1687ರಿಂದ ಎಪ್ಪತ್ತು ವರ್ಷ ಈ ಊರು ಮೊಗಲರ ಒಂದು ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿತ್ತೆಂಬುದು ದಿನವೂ ಹೆದ್ದಾರಿಯಲ್ಲಿ ಹಾದುಹೋಗುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಗೊತ್ತು? ಕೊರಟಗೆರೆ ಕಡೆಯ ಚನ್ನರಾಯನದುರ್ಗ ಪಾಳುಬಿದ್ದ ಕೋಟೆ. ಸಿದ್ಧರಬೆಟ್ಟದ ಗವಿ, ಅಲ್ಲಿನ ಜಲ, ಔಷಧಿ ಗಿಡಗಳನ್ನು ಅರಸಿ ಭಕ್ತರು ಹತ್ತುತ್ತಾರೆ. ಪಾವಗಡದ ನಿಡಗಲ್ಲು ದುರ್ಗ ಹನ್ನೆರಡು, ಹದಿಮೂರನೇ ಶತಮಾನಗಳಲ್ಲಿ ನಿಡಗಲ್ಲಿನ ಚೋಳರ ನೆಲೆ. ಇವುಗಳಲ್ಲಿ ಹೆಚ್ಚಿನವು ಬೆಳಗಿನ ಅಥವಾ ಸಂಜೆಯ ಜಾಗಗಳು. ಒಂದು ಬೆಳಗಿನಲ್ಲಿ ಎರಡನ್ನು ನೋಡಲಾಗದು. ಮಧ್ಯೆ ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ಬೇಕೇ ಬೇಕು.

ಕೋಟೆಯ ಚರಿತ್ರೆಯೂ ಏರಿನ ಜೊತೆಗೇ ಅರ್ಥವಾಗುವಂಥದ್ದು. ಸ್ಥಳೀಯ ಪಾಳೆಯಗಾರರು ಕಟ್ಟಿದ ಕೋಟೆಯನ್ನು 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಗೆದ್ದಿತು. ಹೈದರಾಲಿ ಅದನ್ನು ಇನ್ನಷ್ಟು ಬಲಪಡಿಸಿದ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿದಾಗ ಸೆರೆಸಿಕ್ಕ ಕೆಳದಿಯ ರಾಣಿ ವೀರಮ್ಮಾಜಿಯನ್ನು ಇಟ್ಟದ್ದು ಈ ಕೋಟೆಯಲ್ಲೇ. 1767ರಲ್ಲಿ ಮರಾಠರ ಪೇಶ್ವೆ ಮಾಧವರಾವ್ ಮಧುಗಿರಿಯನ್ನು ಹಿಡಿದಾಗ ಅವಳಿಗೆ ಬಿಡುಗಡೆಯಾಯಿತು. ಮಲೆನಾಡಿನ ಮಳೆ, ಅಡಿಕೆ ತೋಟಗಳ ನಡುವಿನಿಂದ ಬಂದ ಒಬ್ಬ ರಾಣಿಗೆ ನೆರಳಿಲ್ಲದ ಈ ಬಂಡೆ ಹೇಗೆ ಕಂಡಿರಬಹುದು! ಇಂಥ ಕೋಟೆಯ ಒಂದೊಂದು ಬಾಗಿಲೂ ಹತ್ತಿ ಬರುವ ಶತ್ರುವನ್ನು ದಣಿಸಲೆಂದೇ ಕಟ್ಟಿದ್ದು. ದಾರಿ ತಿರುಗುವ ಕಡೆ ಬುರುಜು, ಉಸಿರು ಕಟ್ಟುವ ಕಡೆ ಬಾಗಿಲು. ತಂತಿಯ ಮೇಲೆ ತೇಲಿಹೋಗಿ ತುದಿಯಲ್ಲಿ ಇಳಿದವರಿಗೆ ಕಾಣಿಸುವುದು ಕಟ್ಟಕಡೆಯ ಕೆಲವು ಗೋಡೆಗಳು ಮತ್ತು ಪಾಳುಬಿದ್ದ ಗೋಪಾಲಕೃಷ್ಣ ದೇವಸ್ಥಾನ ಮಾತ್ರ. ಕೋಟೆಯ ಕಥೆಯೆಲ್ಲ ಅವರ ಕಾಲ ಕೆಳಗೆ ಉಳಿದುಬಿಡುತ್ತದೆ. ಕಾನೂನಿನ ಮಾತೂ ಇದೆ. ಮಧುಗಿರಿ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇಡೀ ಬೆಟ್ಟವೇ ಕೋಟೆಯಾಗಿರುವಾಗ ಕಂಬ ನೆಡಲು, ನಿಲ್ದಾಣ ಕಟ್ಟಲು ಜಾಗ ಹುಡುಕುವುದು ಸುಲಭವಲ್ಲ.

ರೋಪ್‌ವೇ ಪರವಾಗಿರುವವರ ಅತ್ಯಂತ ಗಟ್ಟಿಯಾದ ಮಾತನ್ನು ಮುಚ್ಚಿಡಬಾರದು. ವಯಸ್ಸಾದವರು, ಅಂಗವಿಕಲರು, ಹೃದ್ರೋಗಿಗಳು ಏನು ಮಾಡಬೇಕು? ಹುಟ್ಟಿದ ಲಾಗಾಯ್ತು ಬೆಟ್ಟದ ನೆರಳಲ್ಲಿ ಬದುಕಿದ ಅಜ್ಜಿಗೆ ಒಮ್ಮೆ ಅದರ ತುದಿ ನೋಡಬೇಕೆನಿಸಿದರೆ ಬೇಡ ಎನ್ನಲು ನಾವ್ಯಾರು? ಈ ಪ್ರಶ್ನೆಗೆ ಪೂರ್ತಿ ಸಮಾಧಾನ ಕೊಡುವ ಉತ್ತರ ನನ್ನಲ್ಲಿಲ್ಲ; ಸಂಕಟದಿಂದಲೇ ಒಂದು ಉತ್ತರ ಕೊಡುತ್ತೇನೆ. ಎಲ್ಲ ಬೆಟ್ಟಗಳನ್ನೂ ಒಂದೇ ಅಚ್ಚಿಗೆ ಹಾಕಬೇಕಿಲ್ಲ. ನಂದಿಬೆಟ್ಟಕ್ಕೂ ದೇವರಾಯನದುರ್ಗಕ್ಕೂ ಮೇಲಿನವರೆಗೆ ರಸ್ತೆಯಿದೆ, ಕುಟುಂಬಗಳು ಕಾರಿನಲ್ಲೇ ಹೋಗುತ್ತವೆ. ನಂದಿಬೆಟ್ಟಕ್ಕೆ ರೋಪ್‌ವೇ ಯೋಜನೆಯೂ ಇದೆ, 2023ರಲ್ಲಿ ಶಂಕುಸ್ಥಾಪನೆಯಾಗಿದೆ. ಮಧುಗಿರಿಯ ತುದಿಯಲ್ಲಾದರೋ ಸಮತಟ್ಟಾದ ನೆಲವೇ ಕಡಿಮೆ. ತಂತಿಯಲ್ಲಿ ಮೇಲೆ ತಲುಪಿದ ಹಿರಿಯರು ಅಲ್ಲಿ ನಡೆದಾಡಬೇಕಾದದ್ದು ಅದೇ ಜಾರುಬಂಡೆಯ ಮೇಲೆ. ಅದರ ಬದಲು ಊರಿನ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನಗಳಿಂದ ಕೋಟೆಯ ಕೆಳಗಿನ ಬಾಗಿಲವರೆಗೆ ಗಾಲಿಕುರ್ಚಿ ಹೋಗುವಂಥ ದಾರಿ, ಕೂರಲು ಕಲ್ಲುಬೆಂಚು, ಕೋಟೆಯ ಕಥೆ ಹೇಳುವ ಫಲಕ, ಶೌಚಾಲಯ ಮಾಡಿದರೆ ನಿತ್ಯ ಉಪಯೋಗವಾಗುತ್ತದೆ. ಅಜ್ಜಿಗೆ ತುದಿ ಸಿಗದಿರಬಹುದು. ಆದರೆ ಇವತ್ತು ಅವಳಿಗೆ ಬುಡದಲ್ಲೂ ನೆಮ್ಮದಿಯಾಗಿ ಕೂರಲು ಜಾಗವಿಲ್ಲ, ಮೊದಲು ಸರಿಹೋಗಬೇಕಾದದ್ದು ಅದು.

ಕೆಲಸ ಸಿಗುತ್ತದಲ್ಲ ಎಂಬುದು ಮತ್ತೊಂದು ವಾದ. ಪಾವಗಡದ ಅನುಭವ ಇಲ್ಲಿ ನೆನಪಾಗಬೇಕು. ತಿರುಮಣಿ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿತು. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಬರದಿಂದ ಬೇಸತ್ತು, ಕಡ್ಲೆಕಾಯಿ ಬಿತ್ತಿ ಬೀಜವೂ ವಾಪಸು ಬರದ ವರ್ಷಗಳನ್ನು ಕಂಡ ರೈತರಿಗೆ ಇದು ನಿಶ್ಚಿತ ಆದಾಯ, ಒಳ್ಳೆಯ ಕೆಲಸವೇ. ಆದರೆ ಭೂಮಿಯಿಲ್ಲದವರ ಗತಿ? ಹೊಲದಲ್ಲಿ ಕಳೆ ಕಿತ್ತು, ಕಡ್ಲೆಕಾಯಿ ಬಿಡಿಸಿ ದಿನಗೂಲಿ ಪಡೆಯುತ್ತಿದ್ದವರಿಗೆ ಫಲಕಗಳ ಕಾಡಿನಲ್ಲಿ ಸಿಕ್ಕ ಕೆಲಸ ಬಹಳ ಕಡಿಮೆ. ದೊಡ್ಡ ಯಂತ್ರ ಕಟ್ಟುವಾಗ ನೂರಾರು ಜನಕ್ಕೆ ಕೂಲಿ ಕೊಡುತ್ತದೆ, ಕಟ್ಟಿ ಮುಗಿದ ಮೇಲೆ ಕಾವಲುಗಾರರು ಮತ್ತು ಕೆಲವು ತಂತ್ರಜ್ಞರು ಸಾಕು. ರೋಪ್‌ವೇಯ ಲೆಕ್ಕವೂ ಅಷ್ಟೇ: ಟಿಕೆಟ್ಟಿನ ಹಣ ಬಂಡವಾಳ ಹಾಕಿದವರಿಗೆ, ಊರಿಗೆ ಪಾರ್ಕಿಂಗ್ ಗದ್ದಲ. ರಾತ್ರಿ ಉಳಿಯುವ ಪ್ರವಾಸಿಗರಿಗೆ ಅಡುಗೆ ಮಾಡುವವರು, ಹಾಸಿಗೆ ಹೊದಿಕೆ ಒಗೆಯುವವರು, ದಾರಿ ತೋರಿಸುವವರು, ಆಟೊದವರು, ಹಾಲು ತರಕಾರಿಯವರು ಬೇಕು. ಇದಕ್ಕೆ ಭೂಮಿ ಬೇಡ, ದೊಡ್ಡ ಬಂಡವಾಳ ಬೇಡ. ಸ್ತ್ರೀಶಕ್ತಿ ಸಂಘವೊಂದು ಎರಡು ಅಚ್ಚುಕಟ್ಟಾದ ಕೋಣೆ, ಒಂದು ಅಡುಗೆಮನೆಯಿಂದ ಶುರುಮಾಡಬಹುದಾದ ಕೆಲಸ ಇದು.

ಇಷ್ಟು ಸಣ್ಣ ವ್ಯವಹಾರದಿಂದ ತಾಲ್ಲೂಕಿನ ಬಡತನ ಹೋದೀತೇ ಎಂದು ಕೇಳಿದರೆ, ಹೋಗುವುದಿಲ್ಲ. ಬರಪೀಡಿತ ಸೀಮೆಗೆ ನೀರಾವರಿ ಬೇಕು, ಕಾರ್ಖಾನೆ ಬೇಕು, ಒಳ್ಳೆಯ ಆಸ್ಪತ್ರೆ ಬೇಕು. ಪ್ರವಾಸೋದ್ಯಮ ಅದಕ್ಕೆಲ್ಲ ಬದಲಿಯೆಂದು ಹೇಳುವವರು ಜನರನ್ನು ಮೋಸಗೊಳಿಸುತ್ತಾರೆ. ಪಟ್ಟಣದವರ ವಾರಾಂತ್ಯದ ನೆಮ್ಮದಿಗಾಗಿ ಹಳ್ಳಿಯವರು ಹಿಂದುಳಿದೇ ಇರಬೇಕು ಎಂಬ ಅರ್ಥವೂ ನನ್ನ ಮಾತಿಗಿಲ್ಲ. ಸ್ವಚ್ಛ ಶೌಚಾಲಯ, ಕುಡಿಯುವ ನೀರು, ನಾಲ್ಕು ತಾಲ್ಲೂಕುಗಳನ್ನು ಜೋಡಿಸುವ ಬೆಳಗಿನ ಬಸ್ಸು ಮೊದಲು ಉಪಯೋಗವಾಗುವುದು ಇಲ್ಲಿನವರಿಗೇ, ಪ್ರವಾಸಿಗರಿಗೆ ಆಮೇಲೆ. ದೊಡ್ಡ ರೆಸಾರ್ಟಿನ ವಿಷಯ ಹಾಗಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ನಿಶ್ಚಯವಿಲ್ಲದ ಸೀಮೆಯಲ್ಲಿ ಈಜುಕೊಳಕ್ಕೂ ಹಸಿರು ಹುಲ್ಲುಹಾಸಿಗೂ ಕೊಳವೆಬಾವಿ ಕೊರೆಯುವುದೆಂದರೆ ಪಕ್ಕದ ಹೊಲದವನ ನೀರನ್ನು ಎಳೆದುಕೊಂಡಂತೆಯೇ. ಯಂತ್ರದ ಅಪಾಯವನ್ನೂ ಮರೆಯಬಾರದು. ಜಾರ್ಖಂಡಿನ ದೇವಘರ್ ಬಳಿಯ ತ್ರಿಕೂಟ ಬೆಟ್ಟದಲ್ಲಿ 2022ರ ಏಪ್ರಿಲ್‌ನಲ್ಲಿ ರೋಪ್‌ವೇ ಕೆಟ್ಟು ಜನ ಗಾಳಿಯಲ್ಲಿ ಸಿಲುಕಿದರು; ಮೂವರ ಜೀವ ಹೋಯಿತು. ಗುಲ್ಮಾರ್ಗ್‌ನಲ್ಲಿ 2017ರ ಜೂನ್‌ನಲ್ಲಿ ಗಾಳಿಗೆ ಮರ ಬಿದ್ದು ಗೊಂಡೊಲಾ ರೋಪ್‌ವೇ ದುರಂತವಾಗಿ ಏಳು ಮಂದಿ ತೀರಿಕೊಂಡರು. ಜೋಶಿಮಠದ ನೆಲ ಕುಸಿಯತೊಡಗಿದಾಗ 2023ರ ಜನವರಿಯಲ್ಲಿ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇಯನ್ನೇ ನಿಲ್ಲಿಸಬೇಕಾಯಿತು. ಯಂತ್ರವೆಲ್ಲ ಕೆಟ್ಟದೆಂದಲ್ಲ, ಅದನ್ನು ನಿತ್ಯ ನೋಡಿಕೊಳ್ಳುವ ಖರ್ಚನ್ನು ಹೊರಬಲ್ಲಷ್ಟು ಜನ ಬಾರದ ಕಡೆ ಅದು ಹೊರೆಯಾಗುತ್ತದೆ, ಅಷ್ಟು ಜನ ಬಂದರೆ ಬೆಟ್ಟಕ್ಕೆ ಹೊರೆಯಾಗುತ್ತದೆ.

ಹತ್ತುವುದೂ ಅಪಾಯವಿಲ್ಲದ ಕೆಲಸವಲ್ಲ. ಮಧುಗಿರಿಯ ಮೇಲ್ಭಾಗದ ಇಳಿಜಾರಿನಲ್ಲಿ ಕಾಲು ಜಾರಿದರೆ ತಡೆಯಲು ಗಿಡವೂ ಇಲ್ಲ. ಹೆಜ್ಜೇನಿನ ಭಯವಿದೆ, ಬಿಸಿಲಿಗೆ ತಲೆಸುತ್ತುವ ಭಯವಿದೆ. ಈ ಕಾರಣಕ್ಕೇ ರೋಪ್‌ವೇ ಬೇಕೆನ್ನುವವರಿಗೆ ನನ್ನ ಉತ್ತರ: ಅಪಾಯವನ್ನು ತಗ್ಗಿಸಲು ಅಗ್ಗದ, ಪರೀಕ್ಷಿತ ಮಾರ್ಗಗಳಿವೆ. ತುಕ್ಕು ಹಿಡಿದ ಕಂಬಿಗಳನ್ನು ಬದಲಿಸುವುದು, ಹತ್ತುವವರ ಹೆಸರು ಬರೆದುಕೊಂಡು ಇಳಿದಾಗ ಗುರುತು ಹಾಕುವುದು, ಮಳೆ ಬಂದ ದಿನ ಬಾಗಿಲು ಮುಚ್ಚುವುದು, ಊರಿನ ಹುಡುಗ ಹುಡುಗಿಯರಿಗೆ ಬಂಡೆ ಹತ್ತುವ, ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡುವುದು. ಇಂಥ ತರಬೇತಿ ಕೊಡಲು ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೇ ಇದೆ. ಜನಸಂಖ್ಯೆಗೆ ಮಿತಿ ಹಾಕುವುದೂ ಹೊಸದೇನಲ್ಲ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಡೆಹಿಡಿದು, ಮುಂಗಡ ಆನ್‌ಲೈನ್ ಟಿಕೆಟ್ ಪದ್ಧತಿ ತಂದು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಮಧುಗಿರಿಯಲ್ಲಿ ಹಾಗೆ ಆಗುವವರೆಗೆ ಕಾಯಬೇಕಿಲ್ಲ.

ಹೊರಗಿನವರು ರಾತ್ರಿ ಉಳಿಯತೊಡಗಿದರೆ ಕುಡಿತ, ಗಲಾಟೆ, ಮೈಕಿನ ಹಾಡು ಬರುತ್ತದೆಂಬ ಆತಂಕ ಊರಿನವರಿಂದ ಕೇಳಿಬರುವಂಥದ್ದು, ಅದು ನ್ಯಾಯವಾದದ್ದೇ. ಕೋಟೆಯೊಳಗೆ, ಬೆಟ್ಟದ ಮೇಲೆ ಡೇರೆ ಹಾಕಿ ಬೆಂಕಿ ಹೊತ್ತಿಸಲು ಬಿಡಲೇಬಾರದು. ಕರಡಿಗಳಿರುವ ತಿಮ್ಮಲಾಪುರದ ಕಾಡು ಮಧುಗಿರಿಯಿಂದ ದೂರವೇನಿಲ್ಲ. ಈ ಬಂಡೆಗುಡ್ಡಗಳ ಕುರುಚಲಲ್ಲಿ, ದಕ್ಷಿಣ ಭಾರತದ ಇಂಥ ಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಹಕ್ಕಿಯಿದೆ. ಆದರೆ ನಿಯಮ ಹಾಕಿ ನಡೆಸಿಕೊಂಡು ಹೋಗುವ ಶಕ್ತಿ ನಮ್ಮ ಹಳ್ಳಿಗಳಿಗಿಲ್ಲ ಎನ್ನುವವರು ಒಮ್ಮೆ ಕಗ್ಗಲಡುವಿನ ಕಡೆ ನೋಡಬೇಕು. ಹಕ್ಕಿಗಳು ಕೂತ ಹುಣಸೆಮರಗಳನ್ನು ಅಲ್ಲಿನವರು ಕಡಿಯುವುದಿಲ್ಲ, ಹಕ್ಕಿಗಳಿಗೆ ತೊಂದರೆ ಕೊಡಲು ಯಾರಿಗೂ ಬಿಡುವುದಿಲ್ಲ. ಮರಗಳಿರುವುದು ಜನರ ಮನೆಗಳ ನಡುವೆ, ಹಿಕ್ಕೆಯ ವಾಸನೆಯೂ ಗದ್ದಲವೂ ಅವರಿಗೆ ನಿತ್ಯದ್ದು. ಹುಣಸೆಹಣ್ಣು ಈ ಸೀಮೆಯಲ್ಲಿ ಕಾಸು ತರುವ ಬೆಳೆ ಎಂಬುದನ್ನು ಬಲ್ಲವರಿಗೆ ಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಡುವುದು ಎಷ್ಟು ದೊಡ್ಡ ತ್ಯಾಗವೆಂದು ತಿಳಿಯುತ್ತದೆ. ಹಕ್ಕಿಗಳಿಗಾಗಿ ಇಷ್ಟು ಕಟ್ಟುನಿಟ್ಟಾಗಿರಬಲ್ಲ ಜನ, ರಾತ್ರಿ ಹತ್ತರ ಮೇಲೆ ಮೈಕು ಬೇಡ ಎಂದು ಅತಿಥಿಗಳಿಗೆ ಹೇಳಲಾರರೇ? ಹೇಳುವ ಅಧಿಕಾರವನ್ನೂ ಹೋಮ್‌ಸ್ಟೇ ಪರವಾನಗಿಯ ಹಿಡಿತವನ್ನೂ ಅವರ ಪಂಚಾಯಿತಿಗೆ ಕೊಡಬೇಕಷ್ಟೇ.

ಇದನ್ನೆಲ್ಲ ಈಗಲೇ ಮಾತನಾಡಬೇಕಾಗಿರುವುದು ರೈಲಿನಿಂದಾಗಿ. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡದ ಮೇಲೆ ಹಾದು ರಾಯದುರ್ಗಕ್ಕೆ ಹೋಗುವ ಸುಮಾರು 207 ಕಿಲೋಮೀಟರ್ ಹೊಸ ಮಾರ್ಗದ ಕೆಲಸ ವರ್ಷಗಳಿಂದ ನಡೆಯುತ್ತಿದೆ. ಅದು ಪೂರ್ತಿಯಾದ ದಿನ ಈ ಬೆಟ್ಟಗಳಿಗೂ ಬೆಂಗಳೂರಿಗೂ ಇರುವ ದೂರ ಇನ್ನೂ ಕುಗ್ಗುತ್ತದೆ. ಕೊನೆಯ ಗಾಡಿಯಲ್ಲಿ ಬಂದು ಊರಲ್ಲಿ ತಂಗಿ, ಬೆಳಿಗ್ಗೆ ಬೆಟ್ಟ ಹತ್ತಿ, ಸಂಜೆ ಮೈದನಹಳ್ಳಿ ನೋಡಿ ಮರುದಿನ ಹಿಂದಿರುಗುವ ಗುಂಪುಗಳನ್ನು ಅದು ತರಬಹುದು. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೋಗಿಬಿಡುವ ಸಾವಿರಾರು ಜನರನ್ನೂ ತರಬಹುದು. ಯಾರು ಬರುತ್ತಾರೆಂಬುದು ರೈಲು ಬರುವ ಹೊತ್ತಿಗೆ ಊರಲ್ಲಿ ಏನು ಸಿದ್ಧವಾಗಿದೆ ಎಂಬುದರ ಮೇಲೆ ನಿಂತಿದೆ. ಕೋಟೆಯ ಬಾಗಿಲು ಬೆಳಗಿನ ಐದಕ್ಕೆ ತೆರೆಯಬೇಕು. ಬುಡದಲ್ಲಿ ನೀರು, ಶೌಚಾಲಯ, ತರಬೇತಾದ ಹತ್ತಿಪ್ಪತ್ತು ಮಾರ್ಗದರ್ಶಿಗಳು ಇರಬೇಕು. ಪ್ರವೇಶ ಶುಲ್ಕದ ಒಂದು ಪಾಲು ಪುರಸಭೆಯ ಕೈಗೆ ನೇರವಾಗಿ ಬಂದು ಇದೇ ಬೆಟ್ಟಕ್ಕೆ ಖರ್ಚಾಗಬೇಕು. ಶಿರಾ, ಕೊರಟಗೆರೆ, ಪಾವಗಡಗಳಿಗೆ ನಸುಕಿನ ಬಸ್ಸು ಹೊರಡಬೇಕು. ಒಂದು ರೋಪ್‌ವೇಯ ಯೋಜನಾ ವರದಿ ತಯಾರಾಗುವಷ್ಟು ಕಾಲದಲ್ಲೇ ಇವೆಲ್ಲವನ್ನೂ ಮಾಡಿ ಮುಗಿಸಬಹುದು.